ಅಂತರರಾಷ್ಟ್ರೀಯ ಹಾಕಿ ಆಟಗಾರನ ವೃತ್ತಿಜೀವನ ನಿಜಕ್ಕೂ ಹೇಗಿರುತ್ತದೆ?

ಅಕ್ಕನ ಮಗನಿಗೆ 15 ವರ್ಷ, ಫಾರ್ವರ್ಡ್, ಅಂದರೆ ಗೋಲಿನತ್ತ ನುಗ್ಗುವ ಮುಂಚೂಣಿಯಲ್ಲಿ ಆಡುತ್ತಾನೆ, ಇದನ್ನೇ ನಂಬಿಕೊಂಡು ಬದುಕಬಹುದಾ, ಎಷ್ಟು ವರ್ಷ ಆಡಬಹುದು ಅಂತ ಕೇಳಿದ್ದೀರಿ. ನಾನು ಕೊಡಗಿನವನು. ಕಾಲೇಜು ಟೀಮಿನವರೆಗೆ ಆಡಿದ್ದೇನೆ, ಆಮೇಲೆ ಗ್ಯಾಲರಿಯೇ ಗತಿ. ಹಾಗಾಗಿ ನನ್ನ ಕಥೆ ಬಿಟ್ಟು ನಮ್ಮ ಜಿಲ್ಲೆಯ ಎಸ್.ವಿ. ಸುನಿಲ್ ಅವರ ಲೆಕ್ಕ ಹೇಳುತ್ತೇನೆ. ಅವರೂ ಫಾರ್ವರ್ಡ್.

ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ತಂದೆ ಮರಗೆಲಸದವರು. 2007ರಲ್ಲಿ ಚೆನ್ನೈ ಏಷ್ಯಾ ಕಪ್‌ನಲ್ಲಿ ಭಾರತ ತಂಡಕ್ಕೆ ಬಂದರು. ಫೈನಲ್‌ನಲ್ಲಿ ಕೊರಿಯಾವನ್ನು 7-2ರಿಂದ ಹೊಡೆದ ತಂಡ ಅದು. ಆಹಾ, ಎಂಥ ಶುರು ಅನ್ನಿಸುತ್ತದೆ ಅಲ್ವಾ? ಆರೇ ತಿಂಗಳಲ್ಲಿ, ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು ಸೋತು ಭಾರತ ಬೀಜಿಂಗ್ ಒಲಿಂಪಿಕ್ಸ್‌ಗೇ ಹೋಗಲಿಲ್ಲ. 1928ರಿಂದ ಹಾಗೆ ಆಗಿರಲೇ ಇಲ್ಲ. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಶಾ ಕಪ್ ಆಡುತ್ತಿದ್ದಾಗ ಊರಲ್ಲಿ ತಂದೆ ತೀರಿಕೊಂಡರು. ಸುನಿಲ್ ಅಲ್ಲೇ ಉಳಿದು ಆಡಿದರು, ತಂಡ ಕಪ್ ಗೆದ್ದಿತು. ಇದನ್ನು ತ್ಯಾಗ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಆ ವಯಸ್ಸಿನ ಹುಡುಗನ ಮೇಲೆ ಬಿದ್ದ ಭಾರವೇ ಕಾಣುತ್ತದೆ.

ಎಷ್ಟು ವರ್ಷ ಅಂದರೆ, ಅವರು 14 ವರ್ಷ ಆಡಿದರು. 264 ಪಂದ್ಯ, 72 ಗೋಲು. ಆದರೆ ಹಾಕಿಯಲ್ಲಿ ಆಯುಸ್ಸನ್ನು ವರ್ಷಗಳಿಗಿಂತ ಕೋಚ್‌ಗಳ ಲೆಕ್ಕದಲ್ಲಿ ಅಳೆಯಬೇಕು ಅನ್ನುವವನು ನಾನು. ಸ್ಪೇನಿನ ಬ್ರಾಸಾ, ಆಸ್ಟ್ರೇಲಿಯಾದ ನಾಬ್ಸ್ ಮತ್ತು ವಾಲ್ಶ್, ನೆದರ್‌ಲೆಂಡ್ಸ್‌ನ ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ನಮ್ಮವರೇ ಆದ ಹರೇಂದ್ರ ಸಿಂಗ್, ಮತ್ತೆ ಆಸ್ಟ್ರೇಲಿಯಾದ ರೀಡ್. ಸುನಿಲ್ ಆಡಿದ ಕಾಲದಲ್ಲಿ ಬಂದ ಕೋಚ್‌ಗಳಲ್ಲಿ ಕೆಲವರು ಇವರು. ವಾನ್ ಆಸ್ ಅಂತೂ ವರ್ಷವೂ ನಿಲ್ಲಲಿಲ್ಲ. ಒಬ್ಬರಿಗೆ ಮೈದಾನದ ಅಂಚಿನ ಗೆರೆ ಬಿಡದೆ ಓಡುವ ವಿಂಗರ್ ಬೇಕು, ಇನ್ನೊಬ್ಬರಿಗೆ ಚೆಂಡು ಕಳೆದುಕೊಂಡ ಕೂಡಲೇ ಹಿಂದೆ ಬಂದು ಡಿಫೆನ್ಸ್ ಮಾಡುವವನು ಬೇಕು. ಪ್ರತಿ ಸಲವೂ ಹೊಸಬನ ಹಾಗೆ ಮತ್ತೆ ತೋರಿಸಬೇಕು. ಸುನಿಲ್ ಉಳಿದದ್ದು ಅವರ ವೇಗದಿಂದ. ಯಾವ ಕೋಚ್ ಬಂದರೂ ವೇಗ ಬೇಡ ಅನ್ನುವುದಿಲ್ಲ.

ಗೋಲು 72 ಮಾತ್ರವಾ ಅಂತ ಕೇಳಬೇಡಿ. ಬಲಗಡೆಯಿಂದ ಓಡಿ ಗೋಲಿನ ಮುಂದಿನ ಸರ್ಕಲ್ ಒಳಗೆ ನುಗ್ಗಿ, ಚೆಂಡು ಎದುರಾಳಿಯ ಕಾಲಿಗೆ ತಾಗಿಸಿ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯಲು ಸಿಗುವ ವಿಶೇಷ ಅವಕಾಶ, ಗಿಟ್ಟಿಸುವುದು ವಿಂಗರ್ ಕೆಲಸ. ಗೋಲಿನ ಪಟ್ಟಿಯಲ್ಲಿ ಹೆಸರು ಬರುವುದು ಆ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್, ಅಂದರೆ ಕೋಲಿನಿಂದ ಚೆಂಡನ್ನು ಎಳೆದು ಗೋಲಿಗೆ ಚಿಮ್ಮಿಸುವ ಹೊಡೆತ, ಹೊಡೆದವರದು. ಆ ಕಾಲಕ್ಕೆ ನಮ್ಮ ಕೊಡಗಿನವರೇ ಆದ ರಘುನಾಥ್, ಇಲ್ಲವೇ ರೂಪಿಂದರ್. ನಿಮ್ಮ ಹುಡುಗ ಸೆಲೆಕ್ಷನ್‌ಗೆ ಹೋಗುವಾಗ ಇದು ತಿಳಿದಿರಲಿ. ಗೋಲು ಹೊಡೆಯಲಿಲ್ಲ ಅಂತ ಮನೆಯಲ್ಲಿ ಸುಮ್ನೆ ಬೈಯಬೇಡಿ.

ಒಲಿಂಪಿಕ್ಸ್ ವಿಷಯ ಕೇಳಿ. 2012 ಲಂಡನ್‌ನಲ್ಲಿ ಭಾರತ ಎಲ್ಲ ಪಂದ್ಯ ಸೋತು 12ನೇ ಸ್ಥಾನ, ಅಂದರೆ ಕಟ್ಟಕಡೆ. ಆ ತಂಡದಲ್ಲಿ ಅವರಿದ್ದರು. ಎರಡೇ ವರ್ಷಕ್ಕೆ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ಚಿನ್ನ, 1998ರ ನಂತರ ಮೊದಲನೆಯದು. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ 16 ಜನರಲ್ಲಿ ಸುನಿಲ್, ರಘುನಾಥ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ನಾಲ್ವರೂ ಕೊಡಗಿನವರು. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ಎದುರು ಸೋತರು. ಸುನಿಲ್ 2016ರಲ್ಲಿ ಏಷ್ಯಾದ ವರ್ಷದ ಆಟಗಾರ, 2017ರಲ್ಲಿ ಅರ್ಜುನ ಪ್ರಶಸ್ತಿ. 2018ರಲ್ಲಿ ಮೊಣಕಾಲು ಪೆಟ್ಟಾಗಿ ಭುವನೇಶ್ವರದ ವಿಶ್ವಕಪ್ ತಪ್ಪಿತು. ಆಮೇಲೆ ತಂಡಕ್ಕೆ ವಾಪಸ್ ಬಂದರೂ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿ ಹೆಸರು ಬರಲಿಲ್ಲ. ಆ ತಂಡವೇ 41 ವರ್ಷಗಳ ನಂತರ ಪದಕ ತಂದಿತು. ಅದಾಗಿ ಎರಡು ತಿಂಗಳಿಗೆ, 2021ರ ಅಕ್ಟೋಬರ್ 1ರಂದು, 32ನೇ ವಯಸ್ಸಿನಲ್ಲಿ ಸುನಿಲ್ ನಿವೃತ್ತಿ ಹೇಳಿದರು. ಇದಕ್ಕೆ ಯಾರನ್ನೂ ದೂರಲು ಬರುವುದಿಲ್ಲ, ಕಿರಿಯ ಫಾರ್ವರ್ಡ್‌ಗಳು ಚೆನ್ನಾಗಿ ಓಡುತ್ತಿದ್ದರು. ಆದರೂ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ದುಡ್ಡು. ಕ್ರಿಕೆಟ್ ಆಟಗಾರರಿಗೆ ಸಿಗುವಂಥ ವಾರ್ಷಿಕ ಗುತ್ತಿಗೆ ಸುನಿಲ್ ಕಾಲದ ಹಾಕಿಯಲ್ಲಿ ಇರಲಿಲ್ಲ. ಹೊಟ್ಟೆ ತುಂಬಿಸುವುದು ಕ್ರೀಡಾ ಕೋಟಾದ ಕೆಲಸ. ಪೆಟ್ರೋಲಿಯಂ ಕಂಪನಿಗಳು, ರೈಲ್ವೆ, ಸೇನೆ, ಕೆಲವು ಬ್ಯಾಂಕ್‌ಗಳು ತಂಡ ಇಟ್ಟುಕೊಂಡು ಸಂಬಳ ಕೊಡುತ್ತವೆ. ವರ್ಷದ ಬಹುಪಾಲು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಕ್ಯಾಂಪ್‌ನಲ್ಲೇ ಕಳೆದರೂ ಕೆಲಸ ಕೈಯಲ್ಲಿರುತ್ತದೆ, ಆಟ ಬಿಟ್ಟ ಮೇಲೂ ಇರುತ್ತದೆ. ಐಪಿಎಲ್ ಥರದ ಹಾಕಿ ಇಂಡಿಯಾ ಲೀಗ್‌ನಲ್ಲಿ ದುಡ್ಡು ಜಾಸ್ತಿ ನಿಜ, ಆದರೆ ಅದು 2017ರ ನಂತರ ಏಳು ವರ್ಷ ನಿಂತೇ ಹೋಗಿತ್ತು. ಅದನ್ನು ನಂಬಿ ಮನೆ ಸಾಲ ಮಾಡಬೇಡಿ.

ಈಗ ಮಾಡಬೇಕಾದದ್ದು ಇಷ್ಟು. ಅವನು ಮಣ್ಣಿನ ಮೈದಾನದಲ್ಲೇ ಆಡುತ್ತಿದ್ದರೆ ಟರ್ಫ್ (ಕೃತಕ ಹುಲ್ಲಿನ ಮೈದಾನ) ಇರುವ ಹಾಸ್ಟೆಲ್‌ಗೆ ಬೇಗ ಸೇರಿಸಿ. ನಮ್ಮ ಕಡೆಯಾದರೆ ಕೂಡಿಗೆ ಕ್ರೀಡಾ ಶಾಲೆ ಇದೆ. ಟರ್ಫ್ ಮೇಲೆ ಚೆಂಡು ಬರುವ ವೇಗವೇ ಬೇರೆ. ಮತ್ತೆ ಡಿಗ್ರಿ ಮಾತ್ರ ಬಿಡಿಸಬೇಡಿ, ಕೋಟಾದಲ್ಲಿ ಕೆಲಸ ಸಿಕ್ಕ ಮೇಲೆ ಬಡ್ತಿಗೆ ಅದೇ ಬೇಕಾಗುತ್ತದೆ.