ಸಿಟ್ಟು ಯಾರಿಗೆ ಬಂತು?

ಪ್ರಿಯ ಸೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಮೂರು ವರ್ಷದಿಂದ ಹಾಸಿಗೆ ಹಿಡಿದ ಅತ್ತೆ, ಬೆಳಿಗ್ಗೆ ಎಂಟರ ಬಸ್, ಕಚೇರಿ, ಸಂಜೆ ಮತ್ತೆ ಒಲೆ. ಇಷ್ಟರ ನಡುವೆ ಕಣ್ಣು ಮುಚ್ಚಿ ಕುಳಿತರೆ ಒಳಗಿನಿಂದ ಅತ್ತೆ ಕರೆಯುತ್ತಾರೆ, ಸಿಟ್ಟು ಉಕ್ಕುತ್ತದೆ, ಧ್ಯಾನಕ್ಕೆ ಕುಳಿತವಳಿಗೇ ಸಿಟ್ಟು ಬಂತಲ್ಲ ಎಂದು ಆಮೇಲೆ ಅಳು ಬರುತ್ತದೆ ಎಂದು ಬರೆದಿದ್ದೀರಿ. ಆತ್ಮಜ್ಞಾನದ ಮಾತೆಲ್ಲ ನಿವೃತ್ತಿಯಾಗಿ ಆಶ್ರಮ ಸೇರಿದ ಮೇಲೆಯೇ ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಅಲ್ಲ. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬುವರು ಕಚೇರಿ ಕೆಲಸದ ಮೇಲೆ ತಿರುವಣ್ಣಾಮಲೈಗೆ ಬಂದರು. ದಕ್ಷಿಣ ಆರ್ಕಾಟ್ ಕಲೆಕ್ಟರ್ ಕಚೇರಿಯ ಕಂದಾಯ ಇಲಾಖೆಯ ನೌಕರರು ಅವರು. ಅರುಣಾಚಲ ಬೆಟ್ಟದಲ್ಲಿ ಒಬ್ಬ ತರುಣ ಸ್ವಾಮಿ ಇದ್ದಾರೆಂದು ಕೇಳಿ ಹತ್ತಿ ಹೋದರು. ಆ ಸ್ವಾಮಿಯೇ ರಮಣ ಮಹರ್ಷಿ. ಅವರಿಗೆ ಆಗ ಇಪ್ಪತ್ತೆರಡು ವರ್ಷ, ಮೌನದಲ್ಲಿದ್ದರು. ಪಿಳ್ಳೈ ಕೇಳಿದ ಮೊದಲ ಪ್ರಶ್ನೆ ‘ನಾನು ಯಾರು?’ ಎಂಬುದು. ಉತ್ತರಗಳು ಮರಳಿನ ಮೇಲೆ, ಸ್ಲೇಟಿನ ಮೇಲೆ ಬಂದವು. ಪಿಳ್ಳೈ ಮುಂದೆ ನೌಕರಿ ಬಿಟ್ಟರು, ನಿಜ. ಆದರೆ ಆ ಪ್ರಶ್ನೆ ಅವರಲ್ಲಿ ಹುಟ್ಟಿದ್ದು ಕಡತಗಳ ನಡುವೆ ಇದ್ದಾಗಲೇ.

ಅಲ್ಲಿ ರಮಣರು ತೋರಿಸಿದ ದಾರಿ ನಿಮಗಾಗಿಯೇ ಇದ್ದಂತಿದೆ. ಯಾವ ಯೋಚನೆ ಎದ್ದರೂ ಅದರ ಬೆನ್ನು ಹತ್ತಬೇಡ, ಅದನ್ನು ಅದುಮಲೂ ಬೇಡ. ‘ಇದು ಯಾರಿಗೆ ಬಂತು?’ ಎಂದು ಕೇಳಿಕೋ. ‘ನನಗೆ’ ಎನ್ನುತ್ತದೆ ಮನಸ್ಸು. ಹಾಗಾದರೆ ಆ ನಾನು ಯಾರು? ಹೀಗೆ ಕೇಳಿದಾಗ ಮನಸ್ಸು ತಾನು ಎದ್ದ ಜಾಗಕ್ಕೇ ಮರಳುತ್ತದೆ. ಇದಕ್ಕೆ ಚಾಪೆ ಬೇಡ, ಬಾಗಿಲು ಹಾಕಿಕೊಳ್ಳುವುದೂ ಬೇಡ. ಅತ್ತೆ ಕರೆದಾಗ ಧ್ಯಾನ ಮುರಿಯಿತು ಎಂದುಕೊಂಡಿರಿ. ನನಗೆ ಕಾಣುವುದು ಬೇರೆ: ನೋಡಬೇಕಾದದ್ದು ನಿಮ್ಮೆದುರು ಎದ್ದು ನಿಂತದ್ದೇ ಆಗ. ಹತ್ತು ನಿಮಿಷದ ನಿಶ್ಶಬ್ದದಲ್ಲಿ ಅಡಗಿ ಕುಳಿತಿದ್ದ ‘ನನ್ನ ಸಮಯ’, ‘ನನ್ನ ಶಾಂತಿ’ ಒಂದೇ ಕೂಗಿಗೆ ಹೊರಗೆ ಬಂತು. ಎದ್ದು ಹೋಗಿ, ಅವರಿಗೆ ನೀರು ಕುಡಿಸಿ. ಹೋಗುತ್ತಲೇ ಕೇಳಿಕೊಳ್ಳಿ, ಈ ಸಿಟ್ಟು ಯಾರಿಗೆ? ಉತ್ತರ ಹೊಳೆಯದಿದ್ದರೂ ಚಿಂತೆಯಿಲ್ಲ, ಒಂದು ಗಳಿಗೆ ನೋಟ ಅತ್ತೆಯ ಮೇಲಿನಿಂದ ಒಳಕ್ಕೆ ತಿರುಗಿದರೆ ಸಾಕು.

ಮರೆತುಹೋಗುತ್ತದೆ, ನಾಳೆಯೂ ರೇಗುತ್ತೀರಿ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಹೇಳಿದಾಗ ಕೃಷ್ಣ ಗದರಿಸುವುದಿಲ್ಲ. ಅವನ ಉತ್ತರದ ಮೊದಲ ಪದವೇ ‘ಅಸಂಶಯಂ’, ಸಂಶಯವೇ ಇಲ್ಲ, ನೀನು ಹೇಳಿದ್ದು ನಿಜ ಎಂದು. ಅಭ್ಯಾಸ, ವೈರಾಗ್ಯಗಳ ಮಾತು ಆಮೇಲೆ. ಆ ಒಂದು ಪದದಲ್ಲಿರುವ ಕರುಣೆ ನನಗೆ ಬಹಳ ಇಷ್ಟ.

ಇನ್ನು ಆಶ್ರಮದ ಮಾತು. ಮನೆಯಲ್ಲಿದ್ದರೂ ಕಾಡಿಗೆ ಹೋದರೂ ಜೊತೆಗೆ ಬರುವುದು ಅದೇ ಮನಸ್ಸು ಎಂದು, ಸಂಸಾರ ಬಿಡಲು ಹೊರಟವರಿಗೆ ರಮಣರು ಹೇಳುತ್ತಿದ್ದರು. ತಮ್ಮ ಆಶ್ರಮದಲ್ಲಿ ಅವರೇ ಎಷ್ಟೋ ವರ್ಷ ನಸುಕಿನಲ್ಲೆದ್ದು ಅಡುಗೆಮನೆಯಲ್ಲಿ ಎಲ್ಲರ ಜೊತೆ ತರಕಾರಿ ಹೆಚ್ಚುತ್ತಿದ್ದರು.

ಆದರೆ ಒಂದು ಮಾತನ್ನು ಹೇಳದೆ ಈ ಉತ್ತರ ಮುಗಿಸಲಾರೆ. ನಿಮ್ಮ ಮೈದುನ ಅದೇ ಊರಿನಲ್ಲಿದ್ದಾರೆ, ಭಾನುವಾರ ಬಂದು ತಾಯಿಯನ್ನು ನೋಡಿಕೊಂಡು ಹೋಗುತ್ತಾರೆ ಎಂದು ಎಲ್ಲೋ ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ಸಿಟ್ಟಿನಲ್ಲಿ ಅರ್ಧದಷ್ಟು ಬರೀ ದಣಿವು. ದಣಿವಿಗೆ ಆತ್ಮವಿಚಾರ ಮದ್ದಲ್ಲ, ನಿದ್ದೆ ಮದ್ದು. ವಾರಕ್ಕೆ ಎರಡು ರಾತ್ರಿ ತಾಯಿಯ ಪಕ್ಕದಲ್ಲಿ ಮಲಗುವಂತೆ ಅವರನ್ನು ಕೇಳಿ. ನಿಮ್ಮ ಯಜಮಾನರೇ ತಮ್ಮನ ಹತ್ತಿರ ಈ ಮಾತೆತ್ತಿದರೆ ಇನ್ನೂ ಒಳ್ಳೆಯದು. ಹಾಗೆ ಕೇಳುವುದು ಸ್ವಾರ್ಥವೆಂದು ಯಾರಾದರೂ ಅಂದರೆ ಈ ಪುಟವನ್ನು ಅವರಿಗೆ ಓದಲು ಕೊಡಿ.

ಅವರು ಒಪ್ಪಿದರೋ ಇಲ್ಲವೋ, ಒಂದು ಸಾಲು ಬರೆದು ತಿಳಿಸಿ.

ಸಂಪಾದಕ