ಇಡೀ ಬಸ್ಸನ್ನೇ ಬಾಡಿಗೆಗೆ ಹಿಡಿದಿದ್ದೇವೆ, ಒಳಗೆ ಕೂತು ಕುಡಿಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: 28 ಜನ ಗೆಳೆಯರು ಬೆಂಗಳೂರಿನಿಂದ ಗೋವಾಕ್ಕೆ 33 ಸೀಟಿನ ಮಿನಿ ಬಸ್ ಹಿಡಿದಿದ್ದೀರಿ, ಬೇರೆ ಪ್ರಯಾಣಿಕರು ಯಾರೂ ಇಲ್ಲ, ಡ್ರೈವರ್ ಕುಡಿಯಲ್ಲ. ಹಾಗಿದ್ದ ಮೇಲೆ ಒಳಗೆ ಎಣ್ಣೆ ಹೊಡೆದರೆ ಯಾರು ಕೇಳುತ್ತಾರೆ? ಕೇಳುತ್ತಾರೆ. ಬಾಡಿಗೆ ಕೊಟ್ಟ ಮಾತ್ರಕ್ಕೆ ಬಸ್ಸು ನಿಮ್ಮ ಮನೆಯ ಹಾಲ್ ಆಗುವುದಿಲ್ಲ. ಕುಡಿಯುವುದನ್ನೆಲ್ಲ ತಂಗುವ ಜಾಗಕ್ಕೆ ಬಿಡಿ, ಬಸ್ಸಿನಲ್ಲಿ ಬಾಟಲಿ ಮುಚ್ಚಳ ತೆಗೆಯಬೇಡಿ ಎನ್ನುವುದೇ ನನ್ನ ಉತ್ತರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15-ಎ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಯನ್ನು ನಿಷೇಧಿಸುತ್ತದೆ. ಶಿಕ್ಷೆ 32(3)ರಲ್ಲಿದೆ. ಪೆಟ್ಟಿ ಅಂಗಡಿ ಮುಂದೆ ಪ್ಯಾಕೆಟ್ ಕುಡಿಯುವವರು, ಅವರಿಗೆ ಜಾಗ ಮಾಡಿಕೊಟ್ಟ ಅಂಗಡಿಯವನು, ಇವರ ಮೇಲೆ ಠಾಣೆಗಳಲ್ಲಿ ಬೀಳುವ ಕೇಸು ಇದೇ. ಹೆದ್ದಾರಿ ಪಕ್ಕ ನಿಂತ ಬಸ್ಸಿಗೂ ಇದನ್ನೇ ಹಾಕುತ್ತಾರೆ. "ಗಾಡಿ ನಮ್ಮದು, ಒಳಗೆ ಯಾರೂ ಬರುವಂತಿಲ್ಲ" ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2016ರಲ್ಲಿ ಜಾರ್ಖಂಡ್‌ನಿಂದ ಪಾಟ್ನಾಕ್ಕೆ ಹೊರಟಿದ್ದ ಕೆಲವರನ್ನು ಪಾನನಿಷೇಧವಿರುವ ಬಿಹಾರದ ಗಡಿಯಲ್ಲಿ ತಡೆದು ಉಸಿರು ಪರೀಕ್ಷೆ ಮಾಡಿದರು. ಕಾರು ಖಾಸಗಿಯದು, ಒಳಗೆ ಬಾಟಲಿಯೂ ಇರಲಿಲ್ಲ. 2019ರ ಜುಲೈ 1ರಂದು ಬಂದ ತೀರ್ಪಿನಲ್ಲಿ ಕೋರ್ಟು, ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನವೂ ಸಾರ್ವಜನಿಕ ಸ್ಥಳದ ವ್ಯಾಪ್ತಿಗೆ ಬರುತ್ತದೆ ಎಂದಿತು. ಅದು ಬಿಹಾರದ ಕಾಯ್ದೆಯ ವ್ಯಾಖ್ಯೆಯ ಮೇಲೆ ಬಂದ ತೀರ್ಪು, ಅದನ್ನು ಕರ್ನಾಟಕಕ್ಕೆ ಅನಾಮತ್ತಾಗಿ ಅಂಟಿಸಲು ಬರುವುದಿಲ್ಲ, ನಿಜ. ಆದರೆ ಸ್ವಂತ ಕಾರಿಗೇ ಆ ಗತಿಯಾದರೆ ಹಳದಿ ಬೋರ್ಡಿನ ಬಾಡಿಗೆ ಬಸ್ಸಿನಲ್ಲಿ ಕೂತು "ಇದು ಖಾಸಗಿ" ಎಂದು ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ವಾದಿಸಿ ಗೆಲ್ಲುತ್ತೀರಾ?

ಒಂದು ವ್ಯತ್ಯಾಸ ನೆನಪಿರಲಿ. ಕುಡಿದು ಬಸ್ ಹತ್ತಿ ಸುಮ್ಮನೆ ಸೀಟಿನಲ್ಲಿ ಕೂರುವುದು ಕರ್ನಾಟಕದಲ್ಲಿ ಅಪರಾಧವಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 185 ಓಡಿಸುವವನಿಗೆ ಮಾತ್ರ. ಇಳಿದು ಢಾಬಾ ಮುಂದೆ ಕೂಗಾಡಿ ರಂಪ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 355 ಬರುತ್ತದೆ: 24 ಗಂಟೆವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ. ಹಾಗಾಗಿ ದಾರಿಯಲ್ಲಿ ಕುಡಿಯಲೇಬೇಕು ಅನ್ನುವವರು ಸಿಎಲ್-9 ಲೈಸೆನ್ಸಿನ ಬಾರ್ ಅಂಡ್ ರೆಸ್ಟೋರೆಂಟ್ ನೋಡಿ ನಿಲ್ಲಿಸಿ, ಊಟದ ಜೊತೆ ಮುಗಿಸಿ ಹತ್ತಿ. ಸಿಎಲ್-2 ಅಂದರೆ ಎಂಆರ್‌ಪಿ ಅಂಗಡಿ. ಅಲ್ಲಿ ಪಾರ್ಸೆಲ್ ಮಾತ್ರ, ನಿಂತು ಕುಡಿಯುವಂತಿಲ್ಲ. ಅಂಗಡಿ ಪಕ್ಕ ಬಸ್ ನಿಲ್ಲಿಸಿಕೊಂಡು ಒಳಗೆ ಗ್ಲಾಸ್ ಹಂಚುವುದು ಗಸ್ತಿನವರ ಕಣ್ಣಿಗೆ ಬೀಳಲೆಂದೇ ಮಾಡಿದ ಹಾಗೆ.

ಈಗ ಡ್ರೈವರ್ ವಿಷಯ. ಎಲ್ಲ ಗುಂಪಿನವರೂ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡನೇ ಸಲ 2 ವರ್ಷ, 15,000. ಇದು ಎಲ್ಲರಿಗೂ ಗೊತ್ತು. ಅದರ ಮೂರು ಕಲಂ ಮುಂದಿರುವ 188 ಹೆಚ್ಚಿನವರಿಗೆ ಗೊತ್ತಿಲ್ಲ: ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. "ಅಣ್ಣಾ, ಒಂದೇ ಒಂದು ನೈಂಟಿ, ಏನಾಗಲ್ಲ" ಎಂದು ಪ್ಲಾಸ್ಟಿಕ್ ಲೋಟ ಮುಂದೆ ಚಾಚಿದವನೂ ಆರೋಪಿಯಾಗಬಹುದು.

ರಾತ್ರಿ ತಂಗಿದಾಗ ಡ್ರೈವರ್‌ಗೆ ಕುಡಿಸುವುದು ಇನ್ನೂ ಅಪಾಯ, ಯಾಕೆಂದರೆ ಅದು ತಪ್ಪು ಅಂತಲೇ ಯಾರಿಗೂ ಅನಿಸುವುದಿಲ್ಲ. ಲೆಕ್ಕ ಹಾಕಿ. ಒಂದು ಕ್ವಾರ್ಟರ್ 180 ಮಿ.ಲೀ., ನಮ್ಮ ವಿಸ್ಕಿ, ಬ್ರಾಂದಿ 42.8 ಶೇಕಡಾ. ಅದರಲ್ಲಿರುವ ಶುದ್ಧ ಆಲ್ಕೋಹಾಲ್ ಸುಮಾರು 77 ಮಿ.ಲೀ., ತೂಕದಲ್ಲಿ 60 ಗ್ರಾಂ ಚಿಲ್ಲರೆ. 70 ಕೆ.ಜಿ. ಗಂಡಸಿನ ರಕ್ತದಲ್ಲಿ ಅದು 100 ಮಿ.ಲೀ.ಗೆ 125 ಮಿ.ಗ್ರಾಂ ಆಸುಪಾಸಿಗೆ ಏರುತ್ತದೆ. ದೇಹ ಅದನ್ನು ಗಂಟೆಗೆ ಸುಮಾರು 15ರಂತೆ ಇಳಿಸುತ್ತದೆ. ರಾತ್ರಿ 12ಕ್ಕೆ ಬೇಗ ಬೇಗ ಮುಗಿಸಿ ಮಲಗಿದ ಡ್ರೈವರ್, ಬೆಳಗ್ಗೆ 5ಕ್ಕೆ ನಿಮ್ಮ ಸೂರ್ಯೋದಯದ ಆಸೆಗೆ ಎದ್ದು ಸ್ಟೇರಿಂಗ್ ಹಿಡಿದಾಗ ಹತ್ತಿರ ಹತ್ತಿರ 50ರಲ್ಲಿರುತ್ತಾನೆ. ಮುಖ ತೊಳೆದರೂ, ಸ್ಟ್ರಾಂಗ್ ಕಾಫಿ ಕುಡಿದರೂ, ಮಜ್ಜಿಗೆಗೆ ನಿಂಬೆ ಹಿಂಡಿದರೂ ಆ ಸಂಖ್ಯೆ ಒಂದಿಷ್ಟೂ ಬೇಗ ಇಳಿಯುವುದಿಲ್ಲ. ಅವನಿಗೆ ಬಾಟಲಿ ಬದಲು ಬಾಟಾ ಮತ್ತು ಮಲಗಲು ಒಂದು ಸರಿಯಾದ ರೂಮು ಕೊಡಿ. ಬಸ್ಸಿನ ಹಿಂದಿನ ಉದ್ದ ಸೀಟು ರೂಮಲ್ಲ.

ಹಾಗೆಯೇ ಬೆಂಗಳೂರು–ಗೋವಾ ಹತ್ತಿರ ಹತ್ತಿರ 600 ಕಿಲೋಮೀಟರ್. ಕಾರ್ಮಿಕ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ. ರಾತ್ರಿಯಿಡೀ ಓಡಿಸುವುದಾದರೆ ಇಬ್ಬರು ಡ್ರೈವರ್ ಕೇಳಿ. ಹಿಂದೆ ಕುಣಿತ, ಕಿರುಚಾಟ ನಡೆಯುತ್ತಿದ್ದರೆ ಎರಡನೆಯವನಿಗೆ ನಿದ್ದೆ ಸಿಗುವುದಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾನೂನು ಪಕ್ಕಕ್ಕಿಟ್ಟರೂ ಓಡುವ ಬಸ್ಸಿನಲ್ಲಿ ಗಾಜಿನ ಬಾಟಲಿ ಬಹಳ ಕೆಟ್ಟ ವಸ್ತು. ಮಿನಿ ಬಸ್ಸು ಮತ್ತು ಟೆಂಪೋ ಟ್ರಾವೆಲರ್‌ಗಳಲ್ಲಿ ಡ್ರೈವರ್ ಜಾಗಕ್ಕೂ ನಿಮಗೂ ನಡುವೆ ಹೆಚ್ಚಾಗಿ ಗೋಡೆಯೇ ಇರುವುದಿಲ್ಲ. ಐದನೇ ಸೀಟಿನ ಕೆಳಗಿಟ್ಟ ಖಾಲಿ ಬಿಯರ್ ಬಾಟಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೊಡನೆ ಉರುಳಿ ಮುಂದೆ ಬರುತ್ತದೆ. ಬಂದು ಬ್ರೇಕ್ ಪೆಡಲ್ ಅಡಿ ಸೇರಿತು ಅಂದುಕೊಳ್ಳಿ: ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಅದು ಆಗುವುದು ಘಾಟಿಯಲ್ಲೇ, ಯಾಕೆಂದರೆ ಬಾಟಲಿ ಉರುಳುವುದೂ ಅಲ್ಲೇ, ಬ್ರೇಕ್ ಬೇಕಾಗುವುದೂ ಅಲ್ಲೇ. ಎರಡನೆಯದು ಬಾಗಿಲು. ಕುಡಿದವರಿಗೆ ಗಾಳಿ ಬೇಕಾಗುತ್ತದೆ, ಫುಟ್‌ಬೋರ್ಡ್‌ಗೆ ಬಂದು ನಿಲ್ಲುತ್ತಾರೆ. ಬಾಗಿಲಿನ ಪಕ್ಕದ ಸೀಟಿಗೆ ಕುಡಿಯದ ಒಬ್ಬನನ್ನು ಕೂರಿಸಿ. ಬಾಟಲಿ ಕೇಸ್‌ಗಳನ್ನು ತುರ್ತು ಬಾಗಿಲಿಗೆ ಅಡ್ಡ ಪೇರಿಸಬೇಡಿ.

ವಾಂತಿ ಇನ್ನೊಂದು. ನಿಮ್ಮ ದಾರಿ ಯಲ್ಲಾಪುರದ ಮೇಲಾದರೆ ಅರಬೈಲ್ ಘಾಟಿ, ರಾಮನಗರದ ಮೇಲಾದರೆ ಅನಮೋಡ್ ಘಾಟಿ. ಬಿಯರ್ ತುಂಬಿದ ಹೊಟ್ಟೆಗೆ ಈ ತಿರುವುಗಳು ಸೇರಿದರೆ ಗಟ್ಟಿಗರೂ ಕವರ್ ಹುಡುಕುತ್ತಾರೆ. ಎಸಿ ಬಸ್ಸಿನಲ್ಲಿ ಒಬ್ಬ ಕಕ್ಕಿದರೆ ಅದೇ ಗಾಳಿ ಸುತ್ತಿ ಸುತ್ತಿ ಇನ್ನು ಮೂವರನ್ನು ಎಬ್ಬಿಸುತ್ತದೆ. ಬಟ್ಟೆ ಸೀಟಿನ ಸ್ಪಂಜಿಗೆ ಇಳಿದ ವಾಸನೆ ವಾಟರ್ ವಾಶ್‌ಗೆ ಹೋಗುವುದಿಲ್ಲ, ಸೀಟ್ ಬಿಚ್ಚಬೇಕಾಗುತ್ತದೆ. ಹಾಗಾಗಿ ಮಾಲೀಕರು ಕ್ಲೀನಿಂಗ್ ಚಾರ್ಜ್ ಕೇಳಿದರೆ ಅದು ಸುಲಿಗೆಯಲ್ಲ. ಮೊತ್ತ ಎಷ್ಟು ಅಂತ ಮಾತ್ರ ಹೊರಡುವ ಮುಂಚೆಯೇ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಅದೇ ಮೆಸೇಜಿನಲ್ಲಿ ಇನ್ನೂ ಎರಡು ಸಾಲು ಇರಲಿ: ಪೊಲೀಸ್ ಅಥವಾ ಅಬಕಾರಿ ದಂಡ ಬಿದ್ದರೆ ಕಟ್ಟುವವರು ಯಾರು, ಮತ್ತು ಗಲಾಟೆಯಾದರೆ ಗಾಡಿ ನಿಲ್ಲಿಸುವ ಹಕ್ಕು ಡ್ರೈವರ್‌ಗೆ ಇದೆಯಾ. ಇರಬೇಕು. ಕೆಎಸ್‌ಆರ್‌ಟಿಸಿ ಬಸ್ಸನ್ನು ಸಾಂದರ್ಭಿಕ ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರೆ ಈ ಮಾತುಕತೆಯೇ ಬೇಡ, ಅಲ್ಲಿ ಮದ್ಯ ನಡೆಯುವುದಿಲ್ಲ. ಸಿಗರೇಟು ಯಾವ ಬಾಡಿಗೆ ಬಸ್ಸಿನಲ್ಲೂ ಇಲ್ಲ, ಕೋಟ್ಪಾ ಅಂದರೆ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಲ್ಲಿ 1,000 ರೂಪಾಯಿವರೆಗೆ ದಂಡ.

ಇದು ಗೆಳೆಯರ ಟ್ರಿಪ್ ಅಲ್ಲದೆ ಆಫೀಸ್ ಔಟಿಂಗ್ ಆಗಿದ್ದರೆ ಒಂದು ಮಾತು. ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ ಕಂಪನಿ ಒದಗಿಸಿದ ವಾಹನವೂ "ಕೆಲಸದ ಸ್ಥಳ"ವೇ. ಬಸ್ಸಿನಲ್ಲಿ ಅಮಲಿನಲ್ಲಿ ಆಡಿದ ಮಾತಿಗೆ ಸೋಮವಾರ ಆಂತರಿಕ ಸಮಿತಿ ಮುಂದೆ ಉತ್ತರ ಕೊಡಬೇಕಾಗುತ್ತದೆ.

ಇನ್ನು ಸೀಲ್ ಒಡೆಯದ ಬಾಟಲಿ ಒಯ್ಯುವುದು. ಕರ್ನಾಟಕದೊಳಗೆ ಒಬ್ಬರ ಬಳಿ ಇರಬಹುದಾದ ಮಿತಿ ವಿಸ್ಕಿ, ರಮ್ ಥರದ್ದು 2.3 ಲೀಟರ್, ಬಿಯರ್ 18.2 ಲೀಟರ್. ಅಂದರೆ 750 ಮಿ.ಲೀ.ನ ಮೂರು ಬಾಟಲಿ, ಅಥವಾ 650 ಮಿ.ಲೀ.ನ 28 ಬಿಯರ್. 28 ಜನಕ್ಕೆ ಗುಣಿಸಿದರೆ 84 ಫುಲ್ ಬಾಟಲಿ ಆಗುತ್ತದೆ ಅಂತ ಖುಷಿಪಡಬೇಡಿ. ಡಿಕ್ಕಿಯಲ್ಲಿ ಅಷ್ಟನ್ನು ಒಟ್ಟಿಗೆ ಕಂಡ ಅಬಕಾರಿ ಇನ್‌ಸ್ಪೆಕ್ಟರ್‌ಗೆ ಅದು ಪಿಕ್ನಿಕ್ ಅನ್ನಿಸುವುದಿಲ್ಲ, ಮಾರಾಟದ ಸಾಗಾಟ ಅನ್ನಿಸುತ್ತದೆ. ಅಬಕಾರಿ ಕೇಸಿನಲ್ಲಿ ಸಾಗಿಸಿದ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವಿದೆ. ಬಸ್ ಮಾಲೀಕರು ಹೆದರುವುದು ಅದಕ್ಕೇ. ಬಾಟಲಿ ಅವರವರ ಬ್ಯಾಗಿನಲ್ಲಿ ಇರಲಿ, ಬಿಲ್ ಜೊತೆಗಿರಲಿ, ಮುಚ್ಚಳದ ಮೇಲಿನ ಅಬಕಾರಿ ಲೇಬಲ್ ಹರಿಯದಿರಲಿ. 21 ತುಂಬದವರು ಗುಂಪಿನಲ್ಲಿದ್ದರೆ ಅವರ ಬ್ಯಾಗಿಗೆ ಬೇಡ. ಚುನಾವಣೆ ಘೋಷಣೆಯಾಗಿದ್ದರೆ ಒಂದನ್ನೂ ಒಯ್ಯಬೇಡಿ, ಆಗ ತಪಾಸಣೆ ಬೇರೆಯದೇ ಮಟ್ಟದ್ದು.

ಗಡಿ ದಾಟಿದ ಕ್ಷಣ ಈ ಮಿತಿಗೆ ಬೆಲೆಯಿಲ್ಲ, ಒಂದೊಂದು ರಾಜ್ಯದ್ದು ಒಂದೊಂದು ಕಾಯ್ದೆ. ಕೇರಳದ ಅಬ್ಕಾರಿ ಕಾಯ್ದೆಯಲ್ಲೂ 15-ಸಿ ಅಂತ ಸಾರ್ವಜನಿಕ ಸ್ಥಳದ ನಿಷೇಧವಿದೆ, ಅಲ್ಲಿ ಕುಡಿಯುವ ವಯಸ್ಸು 23. ವಯನಾಡಿಗೆ ಬಂಡೀಪುರದ ಮೇಲೆ ಹೋಗುವವರು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಬಂದ್ ಅನ್ನುವುದನ್ನು ಮರೆತು ಗುಂಡ್ಲುಪೇಟೆಯಲ್ಲಿ ಸಿಕ್ಕಿಹಾಕಿಕೊಂಡು, ಹೊತ್ತು ಕಳೆಯಲು ಬಾಟಲಿ ತೆರೆಯುವುದುಂಟು. ತಿರುಪತಿಗೆ ಹೋಗುವ ಬಸ್ಸಾದರೆ ಅಲಿಪಿರಿಯಲ್ಲಿ ಪ್ರತಿ ಬ್ಯಾಗೂ ತಪಾಸಣೆಯಾಗುತ್ತದೆ. ಬಿಹಾರ, ಗುಜರಾತ್ ಕಡೆ ಹೋಗುವವರು ಬೆಂಗಳೂರಿನಲ್ಲೇ ಬ್ಯಾಗ್ ಖಾಲಿ ಮಾಡಿ.

ನಿಮ್ಮದು ಗೋವಾ. ಗೋವಾಕ್ಕೆ ಇಲ್ಲಿಂದ ಎಣ್ಣೆ ಹೊತ್ತೊಯ್ಯುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಅಲ್ಲೂ ಬೀಚಿನಲ್ಲಿ ಕುಡಿಯುವಂತಿಲ್ಲ, ಬಸ್ ಪಕ್ಕ ಗ್ಯಾಸ್ ಸ್ಟೌ ಇಟ್ಟು ಅನ್ನ ಸಾರು ಮಾಡುವಂತೆಯೂ ಇಲ್ಲ, ಎರಡಕ್ಕೂ ಪ್ರವಾಸಿ ತಾಣಗಳ ಕಾಯ್ದೆಯಲ್ಲಿ ದಂಡವಿದೆ. ನಿಜವಾದ ತೊಂದರೆ ವಾಪಸ್ ಬರುವಾಗ. ಕಾರವಾರದ ಹತ್ತಿರ ಮಾಜಾಳಿ, ಜೋಯಿಡಾ ಕಡೆ ಅನಮೋಡ್, ಚೋರ್ಲಾ ದಾರಿಯಲ್ಲಿ ಕಣಕುಂಬಿ, ಈ ಮೂರೂ ಕಡೆ ಕರ್ನಾಟಕದ ಅಬಕಾರಿ ಚೆಕ್‌ಪೋಸ್ಟ್ ಇದೆ. ಪ್ರವಾಸಿ ಬಸ್ ಕಂಡರೆ ನಿಲ್ಲಿಸುತ್ತಾರೆ. ಗೋವಾ ಅಂಗಡಿಯ ಬಿಲ್ ತೋರಿಸಿದರೆ ಆಗುವುದಿಲ್ಲ, ಬಿಲ್ಲೇ ಬೇರೆ, ಮದ್ಯ ಸಾಗಿಸುವ ಪರ್ಮಿಟ್ಟೇ ಬೇರೆ. "ಯಾರದ್ದು?" ಎಂದು ಕೇಳಿದಾಗ 28 ಜನರೂ ಕಿಟಕಿಯಾಚೆ ನೋಡಿದರೆ, ಉಳಿಯುವ ಹೆಸರು ಡ್ರೈವರ್‌ನದ್ದು.

ಹಾಗಾಗಿ ಗೋವಾ ಬಿಡುವ ಮುಂಚೆ, ಬೆಳಕಿರುವಾಗಲೇ, ಎಲ್ಲರನ್ನೂ ಇಳಿಸಿ ಇಬ್ಬರು ಬಸ್ಸನ್ನು ಹಿಂದಿನಿಂದ ಮುಂದಕ್ಕೆ ನೋಡಿಕೊಂಡು ಬನ್ನಿ: ಸೀಟಿನ ಹಿಂದಿನ ಜೇಬು, ಮೇಲಿನ ಲಗೇಜ್ ಕ್ಯಾರಿಯರ್, ಸ್ಟೆಪ್ನಿ ಇಡುವ ಜಾಗ, ಟೂಲ್ ಬಾಕ್ಸ್. ಕೋಕ್ ಬಾಟಲಿಗಳ ಮುಚ್ಚಳ ತೆಗೆದು ಮೂಸಿ ನೋಡಿ. ಫೆನಿ ಬೆರೆಸಿಟ್ಟ ಒಂದಾದರೂ ಸಿಗುತ್ತದೆ.