ಜಾರ್ಜ್ ಲೆನ್ನಿಯನ್ನು ಯಾಕೆ ಬಿಡಲಿಲ್ಲ?

ಪ್ರಶ್ನೆ: ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಓದಿದೆ. ಬುದ್ಧಿ ಬೆಳೆಯದ ಲೆನ್ನಿಯಿಂದ ಜಾರ್ಜ್‌ಗೆ ತೊಂದರೆಯೇ ಜಾಸ್ತಿ. ಆದರೂ ಯಾಕೆ ಜೊತೆಗಿರುತ್ತಾನೆ?

ಉತ್ತರ: ಬೈಯುವುದಕ್ಕಾದರೂ ಒಬ್ಬರು ಬೇಕಲ್ವಾ! 1937ರ ಈ ಕಾದಂಬರಿಯ ಕ್ಯಾಲಿಫೋರ್ನಿಯಾದಲ್ಲಿ ಕೂಲಿಯಾಳುಗಳು ಒಂದು ಫಾರ್ಮಿನಲ್ಲಿ ದುಡಿದು, ತಿಂಗಳ 50 ಡಾಲರನ್ನು ಪಟ್ಟಣದಲ್ಲಿ ಉಡಾಯಿಸಿ, ಒಂಟಿಯಾಗಿಯೇ ಮುಂದಿನ ಫಾರ್ಮಿಗೆ ಹೋಗುತ್ತಾರೆ. ಜೊತೆಯಾಗಿ ಬಂದ ಇವರಿಬ್ಬರನ್ನು ಕಂಡರೆ ಯಜಮಾನನಿಗೇ ಅನುಮಾನ, ಲೆನ್ನಿಯ ಕೂಲಿ ಜಾರ್ಜ್ ಹೊಡೀತಿದ್ದಾನಾ ಅಂತ. (ಹತ್ತಿರದ ಊರು ಸೊಲೆಡಾಡ್. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಒಂಟಿತನ ಎಂದೇ ಅರ್ಥ.) ನನ್ನನ್ನು ಕಾಡುವವನು ಮಾತ್ರ ಆ ಫಾರ್ಮಿನ ಲಾಯದ ಆಳು ಕ್ರೂಕ್ಸ್. ಕಪ್ಪು ಬಣ್ಣದವನೆಂದು ಲಾಯದ ಪಕ್ಕದ ಕೋಣೆಗೆ ತಳ್ಳಿದ್ದಾರೆ, ಇಸ್ಪೀಟಿಗೂ ಕರೆಯುವುದಿಲ್ಲ. ಪುಸ್ತಕಗಳಿವೆ, ಮಾತಿಗೆ ಜನವಿಲ್ಲ. ಲೆನ್ನಿ ಬಾಗಿಲಿಗೆ ಬಂದಾಗ ಮೊದಲು ಗದರಿಸುತ್ತಾನೆ. ಆಮೇಲೆ, ಬಾ ಕೂತ್ಕೋ ಅನ್ನುತ್ತಾನೆ.